ಹೆಣ್ಣುಮಕ್ಕಳೂ ಒಂಟಿ ಪರದೇಶಯಾತ್ರೆಯೂ

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತುಗಳನ್ನು ಬರೆದುಕೊಡಬೇಕೆಂದು ಸಂಪಾದಕಿಯರು ಅಪ್ಪಣೆಮಾಡಿದಾಗ, ಹಳೆಯ ವಿದ್ಯಾರ್ಥಿನಿಯರು ಸಾಧಾರಣವಾಗಿ ಬರೆಯುವಂತೆ ಬೆಳಗಿನ ಪ್ರಾರ್ಥನೆಯ ಗಂಟೆ, ಹೊಲಿಗೆಯ ತರಗತಿ, ಅಂಗಳದ ಹುಣಿಸೆಮರ ಇವುಗಳನ್ನು ಕುರಿತೇ ಬರೆಯೋಣವೆಂದು ಯೋಚಿಸಿದ್ದೆನು. ಆದರೆ ಕಳೆದ ತಿಂಗಳು ಬಿಡದಿಯ ರೈಲ್ವೆ ನಿಲ್ದಾಣದಲ್ಲಿ ನಡೆದ ಒಂದು ಚಿಕ್ಕ ಸಂಭಾಷಣೆಯು ನನ್ನ ಮನಸ್ಸನ್ನು ಬೇರೆ ಕಡೆಗೆ ಎಳೆದೊಯ್ದಿತು. ಹುಣಿಸೆಮರದ ಸಮಾಚಾರವನ್ನು ಬಲ್ಲವರು ಅನೇಕರಿದ್ದಾರೆ, ಅವರು ಬರೆಯುವರು. ನಾನು ಈ ಸಂಭಾಷಣೆಗೆ ಅಂದು ಕೊಡಲಾರದೆ ಹೋದ ಉತ್ತರವನ್ನು ಇಲ್ಲಿ ಕೊಡುತ್ತೇನೆ.

ಅಂದು ಮೈಸೂರಿಗೆ ಹೋಗುವ ಗಾಡಿಗಾಗಿ ಕಾದಿರುವಾಗ ನನ್ನ ಹಳೆಯ ಶಿಷ್ಯೆಯೊಬ್ಬಳ ತಂದೆಯವರು ಎದುರಾದರು. ಹಿಪ್ಪುನೇರಳೆ ಬೆಳೆದು, ಹುಳು ಮೇಯಿಸಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕಿ ಸಂಸಾರ ನಡೆಯಿಸುವ ಸದ್ಗೃಹಸ್ಥರು. ಮಗಳು ನಮ್ಮ ಪಾಠಶಾಲೆಯಲ್ಲಿ ಹತ್ತನೆಯ ತರಗತಿಯನ್ನು ಮುಗಿಸಿ, ಡಿಪ್ಲೊಮಾ ಓದಿ, ಇಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಉದ್ಯೋಗದಲ್ಲಿದ್ದಾಳೆ. ಈಗ ೨೩ ವರ್ಷ. ಮೂರು ವರ್ಷ ಸಂಬಳದಲ್ಲಿ ಉಳಿಸಿದ ತನ್ನ ಹಣದಿಂದಲೇ ಮೂರು ವಾರಗಳ ಮಟ್ಟಿಗೆ ಜಪಾನು ದೇಶಕ್ಕೆ ಹೋಗಿಬರಬೇಕೆಂಬುದು ಆಕೆಯ ಸಂಕಲ್ಪವಂತೆ, ಅದೂ ಒಬ್ಬಳೇ. ತಂದೆಯವರು ನುಡಿದ ಮಾತನ್ನು ಅವರ ಬಾಯಲ್ಲಿ ಬಂದಂತೆಯೇ ಬರೆಯುತ್ತೇನೆ.

“ಟೀಚರಮ್ಮ, ಓದೋಕೆ ಹೋಗ್ತೀನಿ ಅಂದಿದ್ರೆ ಸಾಲ ಮಾಡಿಯಾದ್ರೂ ಕಳಿಸ್ತಿದ್ದೆ. ಮದುವೆಯಾದ ಮೇಲೆ ಗಂಡನ ಜೊತೆ ಹೋಗ್ತೀನಿ ಅಂದ್ರೂ ಬೇಡ ಅನ್ನೋನಲ್ಲ. ಇವಳು ಸುಮ್ಮನೆ ನೋಡ್ಕೊಂಡು ಬರ್ತೀನಿ, ಒಬ್ಬಳೇ, ಅಂತಾಳೆ. ನಿಮ್ಮ ಮಾತಾದ್ರೆ ಕೇಳ್ತಾಳೆ. ತಾವೊಂದು ಮಾತು ಹೇಳಿ.”

ಅಷ್ಟರಲ್ಲಿ ಗಾಡಿ ಬಂದಿತು. ನಾನು ಹತ್ತಿದೆನು. ರಾಮನಗರದ ಬೆಟ್ಟಗಳು ಕಾಣಿಸಿಕೊಳ್ಳುವವರೆಗೂ ಅವರ ಮಾತಿನಲ್ಲಿದ್ದ “ಸುಮ್ಮನೆ” ಎಂಬ ಒಂದು ಪದವೇ ನನ್ನ ಕಿವಿಯಲ್ಲಿ ಉಳಿದಿತ್ತು. ಆಕೆಯು ಹೋಗಬೇಕೆಂಬುದೇ ನನ್ನ ಅಭಿಪ್ರಾಯ. ತಂದೆಯವರ ಪರವಾಗಿ ಮಾತನಾಡಲು ನನ್ನಿಂದಾಗದು. ಮೂವತ್ತು ವರ್ಷಗಳ ಹಿಂದೆ ನನ್ನನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿದ್ದಿತೆಂದೂ ಒಪ್ಪಿಕೊಳ್ಳುತ್ತೇನೆ.

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಈ ಗಾದೆಯಲ್ಲಿ ಎರಡು ಭಾಗಗಳಿವೆ. ಕೋಶ ಓದುವುದು ಹೆಣ್ಣುಮಕ್ಕಳಿಗೂ ಸಲ್ಲತಕ್ಕದ್ದೆಂಬುದನ್ನು ನಮ್ಮಂಥ ಪಾಠಶಾಲೆಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಮನೆಮನೆಗೆ ಹೋಗಿ ತಾಯ್ತಂದೆಗಳಿಗೆ ಮನಗಾಣಿಸಿದುವು. ದೇಶ ಸುತ್ತುವುದು ಮಾತ್ರ ಗಂಡುಮಕ್ಕಳ ಪಾಲಿಗೇ ಉಳಿಯಿತು. ಸಮುದ್ರ ದಾಟಿದವನು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂಬ ಕಟ್ಟಳೆಯು ಒಂದು ಕಾಲದಲ್ಲಿ ಗಂಡಸರನ್ನೂ ಕಾಡಿದ್ದುಂಟು. ಆದರೆ ಅದು ಅವರಿಗೆ ಬೇಗನೆ ಸಡಿಲವಾಯಿತು. ವಿಶ್ವೇಶ್ವರಯ್ಯನವರು ಇನ್ನೂ ಮುಂಬಯಿ ಸರಕಾರದ ಎಂಜಿನಿಯರಾಗಿದ್ದಾಗಲೇ, ೧೮೯೮ರಲ್ಲಿ, ಜಪಾನಿಗೆ ಹೋಗಿ ಅಲ್ಲಿಯ ಕೈಗಾರಿಕೆಯನ್ನೂ ವಿದ್ಯಾಭ್ಯಾಸವನ್ನೂ ಕಣ್ಣಾರೆ ನೋಡಿಬಂದರು. ಅವರು ಅಲ್ಲಿಗೆ ಪದವಿಗಾಗಿ ಹೋಗಲಿಲ್ಲ. ನೋಡಿಕೊಂಡು ಬರಲು ಹೋದರು. ಮುಂದೆ ಮೈಸೂರಿನ ದಿವಾನರಾದಾಗ ಆ ನೋಟವು ಎಷ್ಟು ಕೆಲಸಕ್ಕೆ ಬಂದಿತೆಂಬುದನ್ನು ನಾವು ಮಕ್ಕಳಿಗೆ ಪಾಠವಾಗಿ ಹೇಳುತ್ತೇವೆ. ಅವರು ಸುಮ್ಮನೆ ಜಪಾನಿಗೆ ಹೋದರೆಂದು ಯಾರೂ ಹೇಳುವುದಿಲ್ಲ.

ಹೆಂಗಸರಲ್ಲಿ ಕಡಲು ದಾಟಿದವರು ಇಲ್ಲದೆ ಇಲ್ಲ. ೧೮೮೩ರಲ್ಲಿ ಆನಂದೀಬಾಯಿ ಜೋಶಿಯವರು ೧೮ ವರ್ಷದವರಾಗಿದ್ದಾಗ, ಪತಿಯನ್ನು ಇಲ್ಲಿಯೇ ಬಿಟ್ಟು, ಕಲಕತ್ತೆಯಲ್ಲಿ ಹಡಗನ್ನು ಹತ್ತಿ ಅಮೆರಿಕಕ್ಕೆ ವೈದ್ಯವಿದ್ಯೆಗಾಗಿ ಹೋದರು. ೧೮೮೬ರಲ್ಲಿ ಪದವಿ ಪಡೆದರು. ಹಿಂದಿರುಗಿದ ಕೆಲವೇ ತಿಂಗಳಲ್ಲಿ, ೧೮೮೭ರಲ್ಲಿ, ತೀರಿಕೊಂಡರು. ಆದರೆ ಅವರದು ಮರಾಠಿಗರ ಸೀಮೆ. ನಮ್ಮ ಸೀಮೆಯ ಉದಾಹರಣೆಯೊಂದನ್ನು ನಮ್ಮ ಹುಡುಗಿಯರು ಸರಿಯಾಗಿ ತಿಳಿದಿಲ್ಲವೆಂಬುದು ನನ್ನ ಕೊರಗು. ಆದಕಾರಣ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಂಜನಗೂಡಿನಲ್ಲಿ ೧೯೨೨ರಲ್ಲಿ ಹುಟ್ಟಿದ ರಾಜೇಶ್ವರಿಯವರು ಮುಂದೆ ರಾಜೇಶ್ವರಿ ಚಟರ್ಜಿಯೆಂದು ಪ್ರಸಿದ್ಧರಾದವರು. ಇವರ ಅಜ್ಜಿ ಕಮಲಮ್ಮ ದಾಸಪ್ಪನವರು ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರೆಯರಲ್ಲಿ ಒಬ್ಬರು. ವಿಧವೆಯರ ಮತ್ತು ಗಂಡಂದಿರು ತೊರೆದ ಹೆಂಗಸರ ವಿದ್ಯಾಭ್ಯಾಸಕ್ಕಾಗಿ ದುಡಿದವರು. ಮೊಮ್ಮಗಳು ಆ ಅಜ್ಜಿಯೇ ಸ್ಥಾಪಿಸಿದ ಶಾಲೆಯಲ್ಲಿ ಅಕ್ಷರ ಕಲಿತು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತದ ಎಂ.ಎಸ್‌ಸಿ. ಪರೀಕ್ಷೆಯಲ್ಲಿ ಪ್ರಥಮಸ್ಥಾನವನ್ನು ಗಳಿಸಿ, ೧೯೪೩ರಲ್ಲಿ ಭಾರತೀಯ ವಿಜ್ಞಾನ ಮಂದಿರವನ್ನು ಸೇರಿದರು. ಯುದ್ಧವು ಮುಗಿದ ಮೇಲೆ ದಿಲ್ಲಿಯ ಸರಕಾರವು ತರುಣ ವಿಜ್ಞಾನಿಗಳನ್ನು ಹೊರದೇಶಗಳಿಗೆ ಕಳುಹಿಸಲು ಕೊಟ್ಟ ವಿದ್ಯಾರ್ಥಿವೇತನವು ಇವರಿಗೂ ದೊರೆಯಿತು. ಮದುವೆಯಾಗದ ಹೆಣ್ಣುಮಗಳು ಒಬ್ಬಳೇ ಅಮೆರಿಕಕ್ಕೆ ಹೋಗುವುದೆಂದರೆ ಅಂದಿನ ಮೈಸೂರಿನಲ್ಲಿ ಅದು ಎಂಥ ಮಾತಾಗಿದ್ದಿರಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ೧೯೪೭ರ ಜುಲೈ ತಿಂಗಳಲ್ಲಿ, ಸ್ವಾತಂತ್ರ್ಯ ಬರಲು ಇನ್ನೊಂದು ತಿಂಗಳಿರುವಾಗ, ಯುದ್ಧಕಾಲದಲ್ಲಿ ಸೈನಿಕರನ್ನು ಸಾಗಿಸಲು ಕಟ್ಟಿದ್ದ ಮರೀನ್ ಆಡರ್ ಎಂಬ ಹಡಗಿನಲ್ಲಿ ಹೊರಟರು. ೩೦ ದಿನಗಳ ಪ್ರಯಾಣ. ಮಿಶಿಗನ್ ವಿಶ್ವವಿದ್ಯಾನಿಲಯದಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಪದವಿಯನ್ನು ಪಡೆದು, ವಾಷಿಂಗ್ಟನ್ನಿನ ಮಾಪನ ಸಂಸ್ಥೆಯಲ್ಲಿ ಎಂಟು ತಿಂಗಳು ರೇಡಿಯೋ ಅಲೆಗಳ ಅಳತೆಯನ್ನು ಕಲಿತು, ಮತ್ತೆ ಮಿಶಿಗನ್ನಿಗೆ ಹೋಗಿ, ೧೯೫೩ರಲ್ಲಿ ಡಾಕ್ಟರೇಟು ಪಡೆದು ಹಿಂದಿರುಗಿ, ತಾವು ಬಿಟ್ಟುಹೋಗಿದ್ದ ವಿಜ್ಞಾನ ಮಂದಿರದಲ್ಲಿಯೇ ಅಧ್ಯಾಪಕಿಯಾದರು. ಸೂಕ್ಷ್ಮತರಂಗಗಳ ವಿಷಯದಲ್ಲಿ ನಮ್ಮ ದೇಶದಲ್ಲಿ ಮೊದಲು ಕೆಲಸಮಾಡಿದವರಲ್ಲಿ ಇವರೊಬ್ಬರು. ೨೦೧೦ರಲ್ಲಿ ಕಾಲವಾದರು.

ಇವರು ಎರಡನೆಯ ಸಲ ಓದಲು ನೆರವಾದ ಬಾರ್ಬರ್ ವಿದ್ಯಾರ್ಥಿವೇತನದ ಚರಿತ್ರೆಯೂ ಹೇಳತಕ್ಕದ್ದಾಗಿದೆ. ಲೆವಿ ಬಾರ್ಬರ್ ಎಂಬ ಅಮೆರಿಕದ ಗೃಹಸ್ಥನು ಏಷ್ಯಾಖಂಡದ ಹೆಣ್ಣುಮಕ್ಕಳು ಮಿಶಿಗನ್ನಿಗೆ ಬಂದು ಓದಲೆಂದು ೧೯೧೭ರಲ್ಲಿ ಇದನ್ನು ಸ್ಥಾಪಿಸಿದನು. ತಲಚೇರಿಯ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳರೂ ಇದೇ ವೇತನದಿಂದ ಅಲ್ಲಿಗೆ ಹೋದವರು.

ನಮ್ಮ ಪಾಠಶಾಲೆಗಳನ್ನು ಕಟ್ಟಿದವರ ಮಾತನ್ನೂ ಇಲ್ಲಿ ಎತ್ತದಿರಲಾರೆ. ಈ ಸೀಮೆಯಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನೂ ಅನಾಥಾಲಯಗಳನ್ನೂ ನಡೆಸಿದ ಮಿಷನರಿ ಹೆಂಗಸರಲ್ಲಿ ಅನೇಕರು ಅವಿವಾಹಿತೆಯರಾಗಿ, ಹಡಗಿನಲ್ಲಿ ವಾರಗಟ್ಟಲೆ ಪಯಣಿಸಿ ಬಂದಿಳಿದವರು. ೧೮೬೫ರಲ್ಲಿ ಲಂಡನ್ ಮಿಷನ್ನಿನ ಪರವಾಗಿ ಬೆಂಗಳೂರಿಗೆ ಬಂದ ಮಿಸ್ ಆನ್‌ಸ್ಟಿಯವರು ೧೮೭೬–೭೮ರ ಮಹಾಕ್ಷಾಮದಲ್ಲಿ ಕೋಲಾರದಲ್ಲಿ ಅನಾಥ ಮಕ್ಕಳನ್ನು ಕೂಡಿಸಿ ಸಾಕಿದರು. ಅವರ ಭಾವಚಿತ್ರಗಳಂಥ ಎಷ್ಟೋ ಚಿತ್ರಗಳನ್ನು ಶಾಲೆಯ ಗೋಡೆಗಳ ಮೇಲೆ ನೋಡುತ್ತಲೇ ನಾವು ಬೆಳೆದೆವು. ಇವರನ್ನು ಒಬ್ಬರೇ ಕಳುಹಿಸಲು ಅವರ ತಂದೆ ಹೇಗೆ ಒಪ್ಪಿದರೆಂದು ನಾನು ವಿದ್ಯಾರ್ಥಿನಿಯಾಗಿದ್ದಾಗ ಒಂದು ದಿನವೂ ಯೋಚಿಸಲಿಲ್ಲ. ಚಿತ್ರದಲ್ಲಿ ಎಲ್ಲರೂ ಮುದುಕಿಯರಾಗಿಯೇ ಕಾಣುತ್ತಿದ್ದುದು ಅದಕ್ಕೆ ಕಾರಣವಿರಬಹುದು.

ಇಲ್ಲಿಯವರೆಗೆ ಹೇಳಿದವರೆಲ್ಲರೂ ವಿದ್ಯೆಗಾಗಿ ಇಲ್ಲವೆ ಸೇವೆಗಾಗಿ ಹೋದವರೆಂದು ಆ ತಂದೆಯವರು ಹೇಳಿಯಾರು. ನ್ಯಾಯವಾದ ಮಾತು. ಈ ಆಕ್ಷೇಪಣೆಗೆ ಸಮಾಧಾನವು ನನಗೆ ಯಾವ ಗ್ರಂಥದಲ್ಲಿಯೂ ದೊರೆಯಲಿಲ್ಲ, ವಿಮಾನದಲ್ಲಿ ದೊರೆಯಿತು.

೨೦೦೯ರಲ್ಲಿ ಅಮೆರಿಕದಲ್ಲಿದ್ದ ನನ್ನ ಮಗಳಿಗೆ ಹೆರಿಗೆಯ ದಿನಗಳು ಹತ್ತಿರವಾದುವು. ಯಜಮಾನರ ಆರೋಗ್ಯ ಸರಿಯಿರಲಿಲ್ಲವಾದ್ದರಿಂದ ನಾನೊಬ್ಬಳೇ ಹೊರಡಬೇಕಾಯಿತು. ದೇವನಹಳ್ಳಿಯ ವಿಮಾನ ನಿಲ್ದಾಣವು ಆರಂಭವಾಗಿ ಆಗ ಒಂದು ವರ್ಷವಾಗಿತ್ತು. ಅಲ್ಲಿ ಮಧ್ಯರಾತ್ರಿಯಲ್ಲಿ ನಾನು ಕಂಡ ದೃಶ್ಯವನ್ನು ಮರೆಯಲಾರೆ. ಸಾಲಿನಲ್ಲಿ ನಿಂತಿದ್ದವರಲ್ಲಿ ನನ್ನ ವಯಸ್ಸಿನ ಹೆಂಗಸರು ಕಡಮೆಯಿರಲಿಲ್ಲ. ರೇಷ್ಮೆಸೀರೆಯ ಮೇಲೆ ಸ್ವೆಟರು, ಕಾಲಿಗೆ ಹೊಸ ಬೂಟು, ಕೈಯಲ್ಲಿ ಪಾಸ್‌ಪೋರ್ಟಿನ ಚೀಲ. ಎಲ್ಲರೂ ಬಾಣಂತನಕ್ಕೆ ಹೊರಟವರು. ಪೆಟ್ಟಿಗೆಗಳಲ್ಲಿ ಅಂಟಿನುಂಡೆ, ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ, ಚಟ್ನಿಪುಡಿ. ಕರಿಬೇವಿನ ಸೊಪ್ಪನ್ನು ಅಲ್ಲಿಯ ಸುಂಕದವರು ಬಿಡುವುದಿಲ್ಲವೆಂದು ಮೊದಲೇ ಹೋಗಿಬಂದ ಒಬ್ಬಾಕೆಯು ಉಳಿದವರಿಗೆ ಉಪದೇಶಮಾಡುತ್ತಿದ್ದರು. ನನ್ನ ಪಕ್ಕದಲ್ಲಿ ಕುಳಿತವರು ಮಾಗಡಿಯ ಕಡೆಯವರು. ನಾಲ್ಕನೆಯ ತರಗತಿಯವರೆಗೆ ಓದಿದವರು. ಅದುವರೆಗೆ ಬೆಂಗಳೂರಿಗೂ ಒಬ್ಬರೇ ಹೋದವರಲ್ಲ. ಅವರ ಮಗನು ಒಂದು ಕಾಗದದ ಮೇಲೆ ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದನು: ಈಕೆಗೆ ಇಂಗ್ಲಿಷು ಬಾರದು, ಫ್ರಾಂಕ್‌ಫರ್ಟಿನಲ್ಲಿ ವಿಮಾನ ಬದಲಿಸಬೇಕು, ದಯವಿಟ್ಟು ದಾರಿ ತೋರಿಸಿ, ಎಂದು. ಆ ಕಾಗದವನ್ನು ಅವರು ತಾಳಿಯ ಸರಕ್ಕೆ ಪಿನ್ನುಹಾಕಿ ಸಿಕ್ಕಿಸಿಕೊಂಡಿದ್ದರು. ಗಟ್ಟಿಮುಟ್ಟಾಗಿ ನಡೆಯಬಲ್ಲವರಾದರೂ, ದಾರಿ ತಪ್ಪದಿರಲೆಂದು ಮಗನು ಗಾಲಿಕುರ್ಚಿಯನ್ನು ಗೊತ್ತುಮಾಡಿದ್ದನು. ಹೊಲದಲ್ಲಿ ರಾಗಿ ಕೊಯ್ದ ಹೆಂಗಸು ಫ್ರಾಂಕ್‌ಫರ್ಟಿನಲ್ಲಿ ನಾಚಿಕೊಂಡು ಗಾಲಿಕುರ್ಚಿಯಲ್ಲಿ ಕುಳಿತಿದ್ದುದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಾನೂ ಒಂದನ್ನು ಕೇಳಿ ಪಡೆದಿದ್ದೆನೆಂಬುದನ್ನು ಮುಚ್ಚಿಡುವುದಿಲ್ಲ.

ಪೂಜ್ಯ ತಾಯ್ತಂದೆಗಳು ಒಂದು ನಿಮಿಷ ಯೋಚಿಸಬೇಕು. ೬೦ ವರ್ಷದ ಹೆಂಗಸು, ಭಾಷೆ ಬಾರದವಳು, ಸಕ್ಕರೆಯ ಕಾಯಿಲೆಯವಳು, ಒಬ್ಬಳೇ ಎರಡು ಖಂಡಗಳನ್ನು ದಾಟಿಹೋಗುವುದು ನಮ್ಮ ಮನೆಗಳಲ್ಲಿ ಈಗ ತೀರ ಸಾಮಾನ್ಯವಾದ ಸಂಗತಿ. ಯಾರೂ ಕೇಡೆಣಿಸುವುದಿಲ್ಲ, ಯಾರೂ ಮಾತನಾಡಿಕೊಳ್ಳುವುದಿಲ್ಲ. ಅದೇ ಮನೆಯ ೨೩ ವರ್ಷದ ಮಗಳು, ಇಂಗ್ಲಿಷು ಬಲ್ಲವಳು, ಯಂತ್ರಗಳ ನಡುವೆ ರಾತ್ರಿಪಾಳಿ ಮಾಡುವವಳು, ನಕ್ಷೆಯನ್ನು ಕೈಬೆರಳಿನಲ್ಲಿ ತೆರೆದು ನೋಡಬಲ್ಲವಳು, ಹೊರಟರೆ ಮನೆಯೆಲ್ಲ ನಡುಗುತ್ತದೆ. ಅಪಾಯವೇ ಕಾರಣವಾದರೆ ತಾಯಿಯನ್ನು ತಡೆಯಬೇಕಾಗಿತ್ತು. ತಾಯಿಯು ಬೇರೊಬ್ಬರ ಸಲುವಾಗಿ ಹೋಗುತ್ತಾಳೆ. ಮಗಳು ತನ್ನ ಸಲುವಾಗಿ ಹೋಗಬೇಕೆನ್ನುತ್ತಾಳೆ. ನಾವು ತಾಳಲಾರದಿರುವುದು ಇದನ್ನೇ ಎಂದು ನನಗೆ ಆ ರಾತ್ರಿ ತೋರಿತು.

ನನ್ನ ಮಗಳ ಮನೆಯು ಡೆಟ್ರಾಯಿಟಿನ ಹತ್ತಿರ. ಅಲ್ಲಿಂದ ಮಿಶಿಗನ್ ವಿಶ್ವವಿದ್ಯಾನಿಲಯವಿರುವ ಆನ್ ಆರ್ಬರ್ ಊರಿಗೆ ಮೋಟಾರಿನಲ್ಲಿ ಒಂದು ಗಂಟೆಯ ದಾರಿ. ಬಾಣಂತನದ ಎಣ್ಣೆನೀರು ಮುಗಿದ ಮೇಲೆ ಒಂದು ದಿನ, ಯಾರನ್ನೂ ಜೊತೆಗೆ ಕರೆಯದೆ, ಅಲ್ಲಿಗೆ ಹೋಗಿ ಸಂಜೆಯವರೆಗೂ ತಿರುಗಾಡಿದೆನು. ನಮ್ಮ ನಂಜನಗೂಡಿನ ಹುಡುಗಿ ೨೫ ವರ್ಷದವಳಾಗಿ ಬಂದು ನಿಂತ ನೆಲವಿದೆಂದುಕೊಂಡೆನು. ಒಂದು ಅಂಗಡಿಯಲ್ಲಿ ಕಾಫಿ ಕೊಂಡು, ಲೆಕ್ಕ ತಪ್ಪಿ ಹೆಚ್ಚು ಹಣ ಕೊಟ್ಟು, ಆ ಹುಡುಗಿಯು ಮರಳಿಸಿದಾಗ ಇಬ್ಬರೂ ನಕ್ಕೆವು. ಬೇರೇನೂ ಘಟಿಸಲಿಲ್ಲ. ಆದರೆ ೫೭ ವರ್ಷಗಳಲ್ಲಿ ಒಂದು ಪೂರ್ತಿ ದಿನ ಯಾರ ಮಗಳೂ, ಯಾರ ಹೆಂಡತಿಯೂ, ಯಾರ ಟೀಚರೂ ಆಗದೆ ಇದ್ದದ್ದು ನನ್ನ ಮಟ್ಟಿಗೆ ಅದೇ ಮೊದಲು.

ಇದನ್ನು ಬರೆಯುವಾಗ ಹಳೆಯ ಸಂಗತಿಯೊಂದು ಎದ್ದುಬರುತ್ತದೆ. ೧೯೭೩ರಲ್ಲಿ, ನಾನು ಹೊಸದಾಗಿ ಅಧ್ಯಾಪಕಿಯಾಗಿದ್ದಾಗ, ಒಂದು ವರ್ಷ ಇಂಗ್ಲೆಂಡಿನಲ್ಲಿದ್ದು ಶಿಕ್ಷಣ ಪದ್ಧತಿಗಳನ್ನು ಕಲಿತು ಬರಬಹುದೆಂದು ನನಗೊಂದು ಕಾಗದ ಬಂದಿತ್ತು. ವಸತಿಗೂ ಊಟಕ್ಕೂ ಅವರೇ ಏರ್ಪಾಡು ಮಾಡುವವರಿದ್ದರು. ಉತ್ತರ ಬರೆಯಲು ಆರು ವಾರಗಳ ಅವಧಿ. ಮನೆಯ ಹಿರಿಯರು ಬೇಡವೆನ್ನಲಿಲ್ಲ, ಯೋಚಿಸೋಣವೆಂದರು. ಕಾಗದವನ್ನು ದೇವರ ಕೋಣೆಯ ಗೂಡಿನಲ್ಲಿಟ್ಟರು. ಯೋಚನೆ ಮುಗಿಯುವಷ್ಟರಲ್ಲಿ ಅವಧಿ ಮುಗಿಯಿತು, ಮರುವರ್ಷ ಲಗ್ನವಾಯಿತು. ಅವರನ್ನು ನಾನು ದೂರುವುದಿಲ್ಲ. ಅವರಿಗೆ ತಿಳಿದಂತೆ ನಡೆದರು. ಆದರೆ ಬೇಡವೆಂದು ಹೇಳಿದ್ದರೆ ನಾನು ವಾದಿಸಬಹುದಾಗಿತ್ತು, ಅಳಬಹುದಾಗಿತ್ತು. ಯೋಚಿಸೋಣವೆಂದವರೊಡನೆ ಏನು ವಾದ ಮಾಡುವುದು? ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಅಪೇಕ್ಷೆಗಳು ಹೆಚ್ಚಾಗಿ ಹೀಗೆ ಗೂಡಿನಲ್ಲಿಯೇ ಸವೆದುಹೋಗುತ್ತವೆ.

ಆದಾಗ್ಯೂ ತಂದೆಯವರ ಭಯಗಳೆಲ್ಲವೂ ಹುರುಳಿಲ್ಲದವೆಂದು ನಾನು ಹೇಳುವವಳಲ್ಲ. ಜನರ ಬಾಯಿಯ ಭಯವೊಂದುಂಟು. ಮಾಗಡಿಯ ಸಾವನದುರ್ಗವನ್ನೂ ರಾಮನಗರದ ರಾಮದೇವರ ಬೆಟ್ಟವನ್ನೂ ನೋಡಿದವರಿಗೆ ೧೯೮೪ರಲ್ಲಿ ತೆರೆಕಂಡ ಡೇವಿಡ್ ಲೀನರ ಚಲನಚಿತ್ರದ ಸಂಗತಿ ತಿಳಿದಿರಬಹುದು. ಇ. ಎಂ. ಫಾರ್‌ಸ್ಟರರ ೧೯೨೪ರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದ ಗುಹೆಗಳ ದೃಶ್ಯಗಳನ್ನು ನಮ್ಮ ಈ ಬಂಡೆಗಳಲ್ಲಿಯೇ ತೆಗೆದರು. ಮದುವೆಯಾಗಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸಲು ಕಡಲು ದಾಟಿ ಬಂದ ತರುಣಿಯೊಬ್ಬಳು ಗುಹೆಯಲ್ಲಿ ಒಬ್ಬಳೇ ಇದ್ದ ಕೆಲವು ನಿಮಿಷಗಳ ಮೇಲೆ ಎರಡು ಜನಾಂಗಗಳು ಕಚ್ಚಾಡುವ ಕಥೆ ಅದು. ಒಳಗೆ ಏನಾಯಿತೆಂಬುದಕ್ಕಿಂತ ಹೊರಗಿನವರು ಅದನ್ನು ಏನೆಂದು ಆಡಿಕೊಂಡರೆಂಬುದೇ ಅನರ್ಥಕ್ಕೆ ಕಾರಣವಾಯಿತು. ಊರಿನವರ ಮಾತಿಗೆ ಅಷ್ಟು ಶಕ್ತಿಯಿದೆಯೆಂದು ನಾನೂ ಬಲ್ಲೆ. ಆದರೆ ಆ ಮಾತಿಗೆ ಹೆದರಿ ಮಗಳನ್ನು ಕಟ್ಟಿಹಾಕುವ ತಂದೆಯು, ಮಗಳ ಬೆನ್ನಿಗೆ ನಿಂತು ಹೌದು, ನಾನೇ ಕಳುಹಿಸಿದ್ದೇನೆ ಎಂದು ಒಂದು ಸಲ ಹೇಳಿ ನೋಡಲಿ. ಬಿಡದಿಯಲ್ಲಿ ಮಾತು ಎರಡು ವಾರ ನಡೆದೀತು. ಮೂರನೆಯ ವಾರಕ್ಕೆ ಬೇರೆ ಯಾರಾದರೂ ಸಿಕ್ಕುತ್ತಾರೆ.

ಇನ್ನೊಂದು ಭಯವು ನಿಜವಾದದ್ದು. ಅದು ಸಾಲ ಮತ್ತು ಮೋಸ. ಈ ವಿಷಯದಲ್ಲಿ ತಂದೆಯವರಿಗಿಂತ ನಾನು ಕಠಿಣಳು. ಸಾಲ ಮಾಡಿ ಪ್ರವಾಸ ಹೋಗತಕ್ಕದ್ದಲ್ಲ; ಹಿಪ್ಪುನೇರಳೆಯ ತೋಟವನ್ನು ಅಡವಿಟ್ಟು ಹೋಗುವುದಂತೂ ಪಾಪ. ಜರ್ಮನಿಯಲ್ಲಿ ಬಡಗಿ, ಕಲ್ಲುಕುಟಿಗ ಮೊದಲಾದ ಕಸುಬುದಾರರಲ್ಲಿ ಒಂದು ಪುರಾತನ ಪದ್ಧತಿಯುಂಟು. ಕೆಲಸ ಕಲಿತ ತರುಣನು ಮೂರು ವರ್ಷ ಒಂದು ದಿನ ಊರೂರು ಅಲೆದು ದುಡಿದು ತಿನ್ನಬೇಕು. ಆ ಅವಧಿಯಲ್ಲಿ ತನ್ನ ಊರಿನ ೫೦ ಕಿಲೋಮೀಟರಿನೊಳಗೆ ಕಾಲಿಡಕೂಡದು. ಹೊರಡುವವನು ೩೦ ವರ್ಷದೊಳಗಿನವನೂ, ಮದುವೆಯಾಗದವನೂ, ಯಾರಿಗೂ ಸಾಲಗಾರನಲ್ಲದವನೂ ಆಗಿರಬೇಕು. ಈಚೆಗೆ ಹೆಣ್ಣುಮಕ್ಕಳೂ ಹೋಗುತ್ತಿದ್ದಾರೆ. ಸಾಲವಿರಕೂಡದೆಂಬ ಆ ನಿಯಮವನ್ನು ಮಾಡಿದವರು ಬಹಳ ತಿಳಿದವರು. ಮನೆಯ ಬಡ್ಡಿಯು ತಲೆಯ ಮೇಲಿದ್ದರೆ ಕಣ್ಣು ಏನನ್ನೂ ನೋಡಲಾರದು. ನಮ್ಮ ಶಿಷ್ಯೆಯು ತನ್ನ ಸಂಬಳವನ್ನು ಉಳಿಸಿ ಹೊರಟಿದ್ದಾಳೆಂಬುದೇ ಆಕೆಯ ಪರವಾಗಿ ಅತ್ಯಂತ ದೊಡ್ಡ ಸಾಕ್ಷ್ಯವೆಂದು ನಾನು ತಿಳಿಯುತ್ತೇನೆ.

ಮೋಸದ ಮಾತು ಬಂದುದರಿಂದ, ಎಲ್ಲ ತಾಯ್ತಂದೆಗಳೂ ತಿಳಿದಿರಬೇಕಾದ ಒಂದು ಕಾನೂನನ್ನು ಹೇಳಿಬಿಡುತ್ತೇನೆ. ೧೯೮೩ರ ವಲಸೆ ಕಾನೂನಿನ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗದವರ ಪಾಸ್‌ಪೋರ್ಟಿನ ಮೇಲೆ ವಲಸೆ ತಪಾಸಣೆಯ ಗುರುತು ಬೀಳುತ್ತದೆ. ಅಂಥವರು ಕೊಲ್ಲಿಯ ರಾಜ್ಯಗಳೂ ಸೇರಿದ ೧೮ ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕು. ೩೦ ವರ್ಷ ತುಂಬದ ಹೆಂಗಸಿಗೆ ಮನೆಗೆಲಸಕ್ಕೆ ಆ ಅನುಮತಿ ದೊರೆಯದು. ಇದನ್ನು ತಪ್ಪಿಸಿಕೊಳ್ಳಲು ದಲ್ಲಾಳಿಗಳು ಬಡ ಹೆಂಗಸರನ್ನು ಸಂದರ್ಶಕರ ವೀಸಾದ ಮೇಲೆ ಸಾಗಿಸುವುದುಂಟು. ಅಲ್ಲಿಗೆ ಮುಟ್ಟಿದ ಮೇಲೆ ಪಾಸ್‌ಪೋರ್ಟು ಯಜಮಾನನ ಕೈಸೇರುತ್ತದೆ. ಆಕೆಯು ಎಲ್ಲಿಯವಳೂ ಅಲ್ಲದವಳಾಗುತ್ತಾಳೆ. ಅದೂ ಒಂಟಿ ಪ್ರಯಾಣವೇ. ಹತ್ತನೆಯ ತರಗತಿಯ ಪ್ರಮಾಣಪತ್ರವೊಂದು ಹುಡುಗಿಯ ಪಾಸ್‌ಪೋರ್ಟಿನ ಬಣ್ಣವನ್ನೇ ಬದಲಿಸಿದಂತೆ ಬದಲಿಸುತ್ತದೆ. ಮಧ್ಯದಲ್ಲಿ ಶಾಲೆ ಬಿಡಿಸಲು ಬರುವ ತಂದೆಗಳಿಗೆ ನಾನು ಕೆಲಸದಲ್ಲಿದ್ದಾಗ ಬೇರೆ ಕಾರಣಗಳನ್ನು ಹೇಳುತ್ತಿದ್ದೆನು, ಇದನ್ನೇ ಹೇಳಬೇಕಾಗಿತ್ತು.

ತಿಳಿದವರಿಗೆ ಈಗ ಒಳ್ಳೆಯ ದಾರಿಗಳೂ ತೆರೆದಿವೆ. ೨೦೨೩ರ ಫೆಬ್ರವರಿಯಲ್ಲಿ ಬ್ರಿಟನ್ ದೇಶವು ೧೮ರಿಂದ ೩೦ ವರ್ಷದ ಭಾರತೀಯ ಪದವೀಧರರು ಎರಡು ವರ್ಷ ಅಲ್ಲಿದ್ದು ದುಡಿಯಬಹುದೆಂದು ಒಂದು ಯೋಜನೆಯನ್ನು ಆರಂಭಿಸಿತು. ವರ್ಷಕ್ಕೆ ೩,೦೦೦ ಮಂದಿಗೆ ಅವಕಾಶ. ಕೈಯಲ್ಲಿ ೨,೫೩೦ ಪೌಂಡು ಇರಬೇಕೆಂದು ನಿಯಮ. ಹೆಸರುಗಳನ್ನು ಚೀಟಿಯೆತ್ತಿ ಆರಿಸುತ್ತಾರೆ. ೨೦೨೪ರಲ್ಲಿ ಆಸ್ಟ್ರೇಲಿಯವೂ ಅದೇ ವಯಸ್ಸಿನ ೧,೦೦೦ ಭಾರತೀಯರಿಗೆ ಒಂದು ವರ್ಷ ಪ್ರವಾಸವನ್ನೂ ಕೆಲಸವನ್ನೂ ಕೂಡಿಸಿಕೊಂಡು ಇರಲು ಇಂಥದೇ ಚೀಟಿಯ ಏರ್ಪಾಡನ್ನು ಮಾಡಿತು. ಚೀಟಿಯಲ್ಲಿ ಹೆಸರು ಬರುವಂತೆ ಮಾಡುತ್ತೇನೆಂದು ಹಣ ಕೇಳುವವನು ಕಳ್ಳನೆಂದು ತಿಳಿಯತಕ್ಕದ್ದು. ಇಷ್ಟು ದೂರ ಬೇಡವೆನ್ನುವವರಿಗೆ ನೇಪಾಳವಿದೆ. ಅಲ್ಲಿಗೆ ಹೋಗಲು ನಮ್ಮ ಮತದಾರರ ಗುರುತುಚೀಟಿಯೇ ಸಾಕು. ಗೆಳತಿಯೊಬ್ಬಳೊಡನೆ ಹೋಗಿ ನೋಡಬಯಸುವವರು ನೇಮಿಚಂದ್ರರ ‘ಪೆರುವಿನ ಪವಿತ್ರ ಕಣಿವೆಯಲ್ಲಿ’ ಎಂಬ ಪ್ರವಾಸಗ್ರಂಥವನ್ನು ಓದಬೇಕು. ಗಂಡಸಿನ ಜೊತೆಯಿಲ್ಲದೆ ಹೋಗಿಬಂದ ಕನ್ನಡದ ಹೆಂಗಸೊಬ್ಬರ ಬರಹವದು.

ಜಪಾನೇ ಏತಕ್ಕೆ ಎಂದು ಆ ತಂದೆಯವರು ಕೇಳಿದ್ದರು. ಬಿಡದಿಯವರು ಈ ಪ್ರಶ್ನೆ ಕೇಳುವುದೇ ನನಗೆ ಸೋಜಿಗ. ೧೯೯೯ರ ಕೊನೆಯಲ್ಲಿ ಇಲ್ಲಿಯ ಟೊಯೋಟಾ ಕಾರ್ಖಾನೆಯಲ್ಲಿ ಮೋಟಾರು ವಾಹನಗಳು ತಯಾರಾಗತೊಡಗಿದ ಮೇಲೆ ಎಷ್ಟು ಮಂದಿ ಜಪಾನೀಯರು ಈ ಊರಿಗೆ ಬಂದುಹೋದರು! ತಾಯ್ತಂದೆಗಳನ್ನು ಏಳು ಕಡಲಾಚೆ ಬಿಟ್ಟು ಬಂದು, ನಮ್ಮ ತಟ್ಟೆ ಇಡ್ಲಿಯನ್ನು ಕಡ್ಡಿಯಿಂದ ತಿನ್ನಲೋ ಕೈಯಿಂದ ತಿನ್ನಲೋ ಎಂದು ತಿಳಿಯದೆ ನೋಡುತ್ತ ಕುಳಿತ ತರುಣರನ್ನು ನಾವೆಲ್ಲರೂ ನೋಡಿದ್ದೇವೆ. ಅಯ್ಯೋ ಪಾಪವೆಂದು ಇನ್ನೊಂದು ಸೌಟು ಚಟ್ನಿ ಹಾಕಿಸಿದ್ದೇವೆ. ಆ ಕಂಪೆನಿಯವರು ೨೦೦೭ರಲ್ಲಿ ತೆರೆದ ತರಬೇತಿ ಶಾಲೆಯಲ್ಲಿ ಕಲಿತ ಹಳ್ಳಿಯ ಹುಡುಗರು ಹೊರದೇಶಗಳ ಕೌಶಲ ಸ್ಪರ್ಧೆಗಳಿಗೂ ಹೋಗಿಬಂದಿದ್ದಾರೆ. ಅವರ ದೇಶದ ಮಕ್ಕಳಿಗೆ ನಾವು ಚಟ್ನಿ ಬಡಿಸಿದ್ದರೆ, ನಮ್ಮ ಮಗಳಿಗೆ ಅಲ್ಲಿ ಯಾರೋ ಒಬ್ಬ ತಾಯಿ ಒಂದು ಬಟ್ಟಲು ಸಾರು ಬಡಿಸದೆ ಇರುವಳೆ?

ಶಿಷ್ಯೆಗೂ ಎರಡು ಮಾತು. ಜಪಾನಿಗೆ ಹೋಗುವ ಮೊದಲು ಒಬ್ಬಳೇ ಹಂಪೆಗೋ ಮದುರೆಗೋ ಹೋಗಿ ನಾಲ್ಕು ದಿನ ಇದ್ದು ಬಾ. ಅಲ್ಲಿ ಆಗುವ ತಪ್ಪುಗಳು ಅಗ್ಗ. ಪಾಸ್‌ಪೋರ್ಟನ್ನು ಯಾರ ಕೈಯಲ್ಲಿಯೂ ಬಿಡಬೇಡ. ಹೋಗುವಾಗಲೇ ಹಿಂದಿರುಗುವ ಟಿಕೇಟು ಕೈಯಲ್ಲಿರಲಿ. ದಿನಕ್ಕೊಂದು ಸಲ ಮನೆಗೆ ಮಾತನಾಡು. ದಿನಕ್ಕೆ ಹತ್ತು ಸಲ ಮಾತನಾಡಿದರೆ ನೀನು ಬಿಡದಿಯಲ್ಲಿಯೇ ಇದ್ದಂತಾಗುತ್ತದೆ. ನಿನ್ನ ತಂದೆಯವರಿಗೆ ನೀನು ಹೋಗುವ ಊರುಗಳ ಹೆಸರು, ಇಳಿಯುವ ಮನೆಗಳ ವಿಳಾಸ, ಇವನ್ನೆಲ್ಲ ದಿನಾಂಕ ಸಹಿತ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದುಕೊಡು. ಅವರು ಅದನ್ನು ಗೂಡಿನ ಚೀಟಿಗಳ ಜೊತೆಗೆ ಅಂಗಿಯ ಜೇಬಿನಲ್ಲಿಟ್ಟುಕೊಂಡು ಮಾರುಕಟ್ಟೆಯಲ್ಲಿ ನಾಲ್ಕು ಜನಕ್ಕೆ ತೋರಿಸುವರೆಂಬುದರಲ್ಲಿ ನನಗೆ ಸಂಶಯವಿಲ್ಲ.

ತಂದೆಯವರು ಈ ಸಂಚಿಕೆಯನ್ನು ಓದುವರೆಂದು ಬಲ್ಲೆ. ಮಗಳ ತರಗತಿಯ ಚಿತ್ರವು ಇದರಲ್ಲಿ ಅಚ್ಚಾಗಿದೆ. ಅಂದು ರೈಲಿನ ಅವಸರದಲ್ಲಿ ಹೇಳಲಾರದೆ ಹೋದುದನ್ನು ಇಲ್ಲಿ ಹೇಳಿದ್ದೇನೆ, ಕ್ಷಮೆಯಿರಲಿ. ಆಕೆಯು ಚಳಿಗಾಲದಲ್ಲಿ ಹೊರಡುವುದಾದರೆ ಹೊಸ ಕೋಟು ಕೊಳ್ಳುವ ಖರ್ಚು ಬೇಡ. ಮಿಶಿಗನ್ನಿನ ಹಿಮದಲ್ಲಿ ನಾನು ತೊಟ್ಟಿದ್ದ ಉಣ್ಣೆಯ ಕೋಟು ನಮ್ಮ ಮನೆಯ ಪೆಟ್ಟಿಗೆಯಲ್ಲಿ ನುಸಿಗುಳಿಗೆಯ ಜೊತೆ ಹಾಗೆಯೇ ಇದೆ. ತೋಳು ಸ್ವಲ್ಪ ಉದ್ದವಾದೀತು; ಹೊಲಿಗೆಯ ತರಗತಿಯಲ್ಲಿ ಕಲಿತವಳಾದ್ದರಿಂದ ತಾನೇ ಮಡಿಸಿ ಹೊಲಿದುಕೊಳ್ಳಲಿ. ಯಾವ ಭಾನುವಾರವಾದರೂ ಬಂದು ತೆಗೆದುಕೊಂಡು ಹೋಗಬಹುದು.